ಕಷ್ಟದ ಚರ್ಮ ನಮ್ಮದಲ್ಲ

ಸೌಂದರ್ಯ ಚಿಕಿತ್ಸೆಯ ಮಾತು ಬಂದರೆ ಸಾಹಿತ್ಯದ ಮಂದಿಯಾದ ನಮ್ಮ ಬಳಿ ಇರುವುದು ಎರಡೇ ಉತ್ತರ. ಒಂದು, ಮುಖ ಸಿಂಡರಿಸಿ 'ಇದೆಲ್ಲ ಮಾರುಕಟ್ಟೆಯ ಹುನ್ನಾರ' ಎನ್ನುವುದು. ಇನ್ನೊಂದು, 'ಕೃಷ್ಣನೂ ಕಪ್ಪೇ ಅಲ್ಲವೇ' ಎಂದು ಸಮಾಧಾನ ಹೇಳುವುದು. ಎರಡರಲ್ಲೂ ಸತ್ಯದ ಅಂಶವಿದೆ. ಆದರೆ ಲೇಸರ್ ತಾಗಿ ಕೆನ್ನೆ ಸುಟ್ಟುಕೊಂಡ ಹುಡುಗಿಗೆ ಈ ಎರಡರಿಂದಲೂ ಕವಡೆ ಕಾಸಿನ ಉಪಯೋಗವಿಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳುತ್ತೇನೆ: ಅವಳ ಕೆನ್ನೆ ಸುಟ್ಟವರಿಗೆ ನಮ್ಮ ಈ ಎರಡು ಮಾತುಗಳೇ ದೊಡ್ಡ ರಕ್ಷಣೆ.

ಗುಲ್ವಾಡಿ ಎಂದೊಡನೆ ಕನ್ನಡದ ಓದುಗರಿಗೆ ನೆನಪಾಗುವುದು ಗುಲ್ವಾಡಿ ವೆಂಕಟರಾಯರು ಮತ್ತು 1899ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ 'ಇಂದಿರಾಬಾಯಿ'. ಎಳೆಯ ವಿಧವೆಯೊಬ್ಬಳ ಓದು, ಮರುಮದುವೆ ಆ ಕಾದಂಬರಿಯ ವಸ್ತು. ಆ ಕಾಲಕ್ಕೆ ಅದೂ ಮನೆಯೊಳಗೇ ಮುಗಿಯಬೇಕಾದ, ಹತ್ತು ಜನರೆದುರು ಆಡಬಾರದ ಹೆಂಗಸರ ವಿಷಯ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಇವತ್ತು ನಾವು ಹೆಮ್ಮೆಪಡುವುದು ಅಂಥ ವಿಷಯವನ್ನು ಬೀದಿಗೆ ತಂದ ಪುಸ್ತಕದ ಬಗ್ಗೆ. ಹಾಗಿರುವಾಗ, ಅದೇ ಗುಲ್ವಾಡಿಯಿಂದ ಬಸ್ಸು ಹತ್ತಿ ಪೇಟೆಗೆ ಹೋಗಿ, ಗದ್ದದ ಕೂದಲು ತೆಗೆಸಲು ಕನ್ನಡಕ ಹಾಕಿಕೊಂಡು ಯಂತ್ರದ ಕೆಳಗೆ ಮಲಗುವ ಹುಡುಗಿಯ ವಿಷಯ ಬಂದಾಗ ಮಾತ್ರ 'ಚಂದದ ಚಪಲ' ಎಂದು ಪಕ್ಕಕ್ಕೆ ಸರಿಸುವುದು ಯಾವ ನ್ಯಾಯ?

ಚಪಲವೇ ಅದು? ಪಿಸಿಒಡಿ ಎಂಬ ಹಾರ್ಮೋನಿನ ಏರುಪೇರಿನಿಂದ ಗದ್ದದ ಮೇಲೆ, ಮೇಲ್ದುಟಿಯ ಮೇಲೆ ಒರಟು ಕೂದಲು ಬರುವ ಹೆಣ್ಣುಮಕ್ಕಳು ನಮ್ಮ ಪ್ರತಿ ಊರಿನಲ್ಲೂ ಇದ್ದಾರೆ. ವಾರಕ್ಕೊಮ್ಮೆ ದಾರ ಎಳೆಸಿ, ಕಿತ್ತಲ್ಲೆಲ್ಲ ಗುಳ್ಳೆ ಎದ್ದು, ಗುಳ್ಳೆ ಮಾಗಿ ಕಪ್ಪು ಕಲೆಯಾಗಿ, ಮಾತಾಡುವಾಗ ಕೈಯಿಂದ ಗದ್ದ ಮುಚ್ಚಿಕೊಳ್ಳುವುದು ಅಭ್ಯಾಸವಾಗಿ ಹೋದವರು ಅವರು. ಹೆರಿಗೆಯ ನಂತರ ಮುಖದ ಮೇಲೆ ಬಂಗು ಹರಡಿದವರಿದ್ದಾರೆ. ಹೆಣ್ಣು ನೋಡಲು ಬಂದವರು 'ಕಪ್ಪಾರೂ ಲಕ್ಷಣ ಇತ್ತ್' ಎಂದು ಹೋಗುವ ಸೀಮೆ ನಮ್ಮದು. ಆ 'ಆರೂ' ಎಂಬ ಒಂದು ಪ್ರತ್ಯಯದ ಭಾರ ಎಷ್ಟೆಂದು ಕೇಳಿಸಿಕೊಂಡವರಿಗೇ ಗೊತ್ತು. ಮುಖದ ಕೂದಲು ತೆಗೆಸಬೇಕೆನ್ನುವುದಕ್ಕೆ ಅವಳು ಯಾರಿಗೂ ಸಮಜಾಯಿಷಿ ಕೊಡಬೇಕಿಲ್ಲ. ಕೊಡಬೇಕಾದವರು ಯಂತ್ರ ಹಿಡಿದವರು.

ಯಾಕೆಂದರೆ ಈ ಯಂತ್ರ ಕೆಲಸ ಮಾಡುವ ಕ್ರಮವೇ ಹಾಗಿದೆ. ಬಿಸಿಲಿನಲ್ಲಿ ಬಿಳಿ ಬಟ್ಟೆಗಿಂತ ಕಪ್ಪು ಬಟ್ಟೆ ಬೇಗ ಕಾಯುತ್ತದೆ, ಸಂಗತಿ ಅಷ್ಟೇ. ಕೂದಲಿನಲ್ಲಿರುವ ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯ ಲೇಸರಿನ ಬೆಳಕನ್ನು ಹೀರಿ ಕಾಯುತ್ತದೆ, ಆ ಕಾವಿಗೆ ಕೂದಲಿನ ಬುಡ ಹಾಳಾಗುತ್ತದೆ. ಸರಿಯಾದ ಬೆಳಕನ್ನು ಸರಿಯಾದಷ್ಟು ಹೊತ್ತು ಹಾಯಿಸಿದರೆ ಸುತ್ತಲಿನದನ್ನು ಉಳಿಸಿ ಬೇಕಾದ್ದನ್ನಷ್ಟೇ ಸುಡಬಹುದು ಎಂಬ ತತ್ವವನ್ನು 1983ರಲ್ಲಿ ಅಮೆರಿಕದ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ ಮಂಡಿಸಿದರು. ಇವತ್ತಿನ ಚರ್ಮದ ಲೇಸರುಗಳೆಲ್ಲ ಬಹುಮಟ್ಟಿಗೆ ಆ ತತ್ವದ ಮೇಲೆಯೇ ನಿಂತಿವೆ. ತೊಡಕು ಏನೆಂದರೆ, ಕೂದಲಿನಲ್ಲಿರುವ ಮೆಲನಿನ್ ನಮ್ಮ ಚರ್ಮದ ಮೇಲ್ಪದರದಲ್ಲೂ ಇದೆ. ಬೆಳಕಿಗೆ ಇದು ಕೂದಲು, ಇದು ಚರ್ಮ ಎಂಬ ಭೇದ ತಿಳಿಯದು. ಬಿಳಿ ಚರ್ಮದಲ್ಲಿ ಕಪ್ಪು ಕೂದಲಿದ್ದರೆ ಬೆಳಕು ಸೀದಾ ಬುಡಕ್ಕೆ ಹೋಗುತ್ತದೆ. ಕಂದು ಚರ್ಮದಲ್ಲಿ ದಾರಿಯಲ್ಲೇ ಅರ್ಧ ಕಾವು ಖರ್ಚಾಗುತ್ತದೆ, ಖರ್ಚಾದಲ್ಲಿ ಬೊಕ್ಕೆ ಏಳುತ್ತದೆ. ಬೊಕ್ಕೆ ಮಾಗಿದ ಮೇಲೆ ಕಪ್ಪು ಕಲೆ, ಕೆಲವರಿಗೆ ಬಿಳಿ ಮಚ್ಚೆ. ತಿಂಗಳುಗಟ್ಟಲೆ ಉಳಿಯುತ್ತದೆ, ಕೆಲವೊಮ್ಮೆ ವರ್ಷಗಟ್ಟಲೆ.

ಹಾಗಾದರೆ ನಮ್ಮ ಚರ್ಮಕ್ಕೆ ಲೇಸರ್ ಆಗದೇ? ಆಗುತ್ತದೆ. ಈ ಮಾತನ್ನು ಒತ್ತಿ ಹೇಳಬೇಕು. ಹೆದರಿಸುವುದು ನನ್ನ ಉದ್ದೇಶವಲ್ಲ. ಬೆಳಕಿನ ತರಂಗಾಂತರ ಹೆಚ್ಚಿದಂತೆ ಮೆಲನಿನ್ ಅದನ್ನು ಹೀರುವುದು ಕಡಿಮೆಯಾಗುತ್ತದೆ, ಬೆಳಕೂ ಆಳಕ್ಕೆ ಇಳಿಯುತ್ತದೆ. ಕೂದಲಿಗೆಂದು ಮೊದಲು ಬಂದ ರೂಬಿ ಲೇಸರಿನದು 694 ನ್ಯಾನೋಮೀಟರ್. ಅಲೆಕ್ಸಾಂಡ್ರೈಟಿನದು 755. ಡಯೋಡಿನದು ಸಾಮಾನ್ಯವಾಗಿ 810ರ ಆಸುಪಾಸು. ಎನ್‌ಡಿ-ಯಾಗ್ ಲೇಸರಿನದು 1064. ಗಾಢ ಬಣ್ಣದ ಚರ್ಮಕ್ಕೆ ಇವುಗಳಲ್ಲಿ ಹೆಚ್ಚು ಸುರಕ್ಷಿತ ಈ ಕೊನೆಯದು ಎಂಬುದು ಚರ್ಮವೈದ್ಯರಲ್ಲಿ ಗುಟ್ಟಿನ ಸಂಗತಿಯೇನಲ್ಲ. ಡಯೋಡನ್ನೂ ತಿಳಿದವರು ಬಳಸುತ್ತಾರೆ: ಶಕ್ತಿ ತಗ್ಗಿಸಿ, ಬೆಳಕಿನ ಮಿಡಿತವನ್ನು ನಿಧಾನ ಮಾಡಿ, ಚರ್ಮವನ್ನು ತಣ್ಣಗಿಟ್ಟು, ಮೊದಲು ಕಿವಿಯ ಬಳಿಯೋ ದವಡೆಯ ಅಂಚಿನಲ್ಲೋ ಒಂದಿಷ್ಟು ಜಾಗದಲ್ಲಿ ಪರೀಕ್ಷೆ ಮಾಡಿ, ಕಾದು ನೋಡಿ.

ಕಾಯುವುದೇ ಇಲ್ಲಿ ನಷ್ಟದ ಬಾಬ್ತು. ಎನ್‌ಡಿ-ಯಾಗ್ ನೋವು ಹೆಚ್ಚು ಕೊಡುತ್ತದೆ, ತೆಳು ಕೂದಲಿನ ಮೇಲೆ ನಿಧಾನವಾಗಿ ಕೆಲಸ ಮಾಡುತ್ತದೆ, ಹೆಚ್ಚು ಸಲ ಬರಬೇಕಾಗುತ್ತದೆ. ಆರು ಸಲಕ್ಕೆ ಇಷ್ಟು ಎಂದು ಮುಂಗಡ ಹಣ ಕಟ್ಟಿಸಿಕೊಂಡವರಿಗೆ ಮೂರನೇ ಸಲಕ್ಕೆ ಫಲ ಕಾಣಿಸಬೇಕು, ಇಲ್ಲದಿದ್ದರೆ ಗಿರಾಕಿ ಗೊಣಗುತ್ತಾರೆ. ಆಗ ಯಂತ್ರದ ಅಂಕಿ ಮೇಲಕ್ಕೇರುತ್ತದೆ. ಲೇಸರ್ ಎಂದು ಬೋರ್ಡು ಹಾಕಿ ಲೇಸರೇ ಅಲ್ಲದ ಐಪಿಎಲ್ ಎಂಬ ಯಂತ್ರದಿಂದ ಕೆಲಸ ಮಾಡುವವರೂ ಇದ್ದಾರೆ. ಅದು ಹಲವು ತರಂಗಾಂತರಗಳ ಬೆಳಕನ್ನು ಒಟ್ಟಿಗೆ ಚೆಲ್ಲುವ ಸಾಧನ. ಗಾಢ ಚರ್ಮದ ಮೇಲೆ ಅದರ ಅಪಾಯ ಹೆಚ್ಚು. ಮನೆಬಳಕೆಗೆಂದು ಮಾರುವ ಕೆಲವು ಐಪಿಎಲ್ ಸಾಧನಗಳಲ್ಲಿ ಚರ್ಮ ಗಾಢವಾಗಿದ್ದರೆ ಬೆಳಕೇ ಹೊರಡದಂತೆ ಸಂವೇದಕ ಇಟ್ಟಿರುತ್ತಾರೆ. ಮನೆಯ ಆಟಿಕೆಯಂಥ ಯಂತ್ರಕ್ಕಿರುವ ಈ ಅಂಜಿಕೆ ಅಂಗಡಿಯ ದೊಡ್ಡ ಯಂತ್ರ ಹಿಡಿದ ಕೈಗೆ ಇರಬೇಡವೇ?

ನನ್ನ ಪರಿಚಯದ ಒಬ್ಬಾಕೆಗೆ ಆದದ್ದು ಇದೇ. ಊರು, ಅಂಗಡಿ ಎರಡರ ಹೆಸರೂ ಇಲ್ಲಿ ಬೇಡ. ಅಕ್ಕನ ಮದುವೆಯ ಓಡಾಟದಲ್ಲಿ ಹದಿನೈದು ದಿನ ಬಿಸಿಲಲ್ಲಿ ಸುತ್ತಿದ್ದ ಮುಖ ಅದು. ಬಿಸಿಲಿಗೆ ಕಪ್ಪಾದ ಚರ್ಮದಲ್ಲಿ ಮೆಲನಿನ್ ಇನ್ನೂ ಹೆಚ್ಚು, ವಾರಗಟ್ಟಲೆ ತಡೆದು ಲೇಸರ್ ಹಾಯಿಸಬೇಕು. ಯಾರೂ ಕೇಳಲಿಲ್ಲ. ಪರೀಕ್ಷೆಯೂ ಇಲ್ಲ. ಯಂತ್ರದ ಮೂತಿ ಎಷ್ಟಗಲವೋ ಅಷ್ಟಗಲದ ಚೌಕ ಕಲೆಗಳು ಎರಡೂ ಕೆನ್ನೆಗಳ ಮೇಲೆ ಸಾಲಾಗಿ ಮೂಡಿದವು. ಮರುದಿನ ಹೋಗಿ ಕೇಳಿದ್ದಕ್ಕೆ ಸಿಕ್ಕ ಉತ್ತರ: 'ನಿಮ್ಮದು ಸ್ವಲ್ಪ ಕಷ್ಟದ ಚರ್ಮ.'

ಈ ಒಂದು ವಾಕ್ಯದ ಮೇಲೆ ನನಗೆ ಸಿಟ್ಟಿದೆ. ಕಷ್ಟದ ಚರ್ಮ ಎಂದರೇನು? ಕುಂದಾಪುರದ ಮೀನು ಮಾರುಕಟ್ಟೆಯಲ್ಲಿ, ಕೋಟೇಶ್ವರದ ಕೊಡಿಹಬ್ಬದಲ್ಲಿ, ಸೌಕೂರಿನ ದೇವಸ್ಥಾನದ ಊಟದ ಪಂಕ್ತಿಯಲ್ಲಿ ಕುಳಿತವರ ಚರ್ಮ ಯಾವ ಬಣ್ಣದ್ದು? ಇಲ್ಲಿ ಕಂದು ಬಣ್ಣವೇ ಸಾಮಾನ್ಯ. ಸಾಮಾನ್ಯವನ್ನು ವಿಶೇಷ ಪ್ರಕರಣ ಎಂದು ಕರೆಯುವ ರೂಢಿ ಎಲ್ಲಿಂದ ಬಂತು? ಅದಕ್ಕೂ ಒಂದು ಚರಿತ್ರೆಯಿದೆ. ಜಗತ್ತಿನಾದ್ಯಂತ ಲೇಸರ್ ಕೋಣೆಗಳಲ್ಲಿ ಚರ್ಮವನ್ನು ಒಂದರಿಂದ ಆರರವರೆಗೆ ವಿಂಗಡಿಸುವ ಪಟ್ಟಿಯನ್ನು ಮೊದಲು ಮಾಡಿದವರು ಥಾಮಸ್ ಫಿಟ್ಜ್‌ಪ್ಯಾಟ್ರಿಕ್, 1975ರಲ್ಲಿ. ನೇರಳಾತೀತ ಬೆಳಕಿನ ಚಿಕಿತ್ಸೆಗೆ ಬರುವ ಬಿಳಿಯರಿಗೆ ಎಷ್ಟು ಬೆಳಕು ಕೊಡಬೇಕೆಂದು ಲೆಕ್ಕ ಹಾಕಲು ಹುಟ್ಟಿದ ಪಟ್ಟಿ ಅದು. ಬಿಸಿಲಿಗೆ ಹೋದರೆ ನಿಮ್ಮ ಚರ್ಮ ಸುಡುತ್ತದೆಯೋ ಕಪ್ಪಾಗುತ್ತದೆಯೋ ಎಂಬುದು ಅದರ ಪ್ರಶ್ನೆ. ಕಂದು ಮತ್ತು ಕಪ್ಪು ಚರ್ಮಗಳಿಗೆ ಅದರಲ್ಲಿ ಜಾಗ ಸಿಕ್ಕಿದ್ದು ಆಮೇಲೆ, ಐದು ಮತ್ತು ಆರು ಎಂಬ ಕೊನೆಯ ಸೇರ್ಪಡೆಗಳಾಗಿ. ಪಂಕ್ತಿಯಲ್ಲಿ ಕೊನೆಗೆ ಎಲೆ ಹಾಕಿಸಿಕೊಂಡವರು ನಾವು. ಈಗ ಆ ಪಟ್ಟಿಯನ್ನೇ ಹಿಡಿದು ನಮ್ಮನ್ನು ನಮ್ಮೂರಿನಲ್ಲೇ ಕಷ್ಟದವರು ಎನ್ನುತ್ತಾರೆ.

ಇದು ಲೇಸರಿನ ಕತೆ ಮಾತ್ರವೂ ಅಲ್ಲ. ಕೋವಿಡ್ ಕಾಲದಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ತಂದು ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ ನೆನಪಿರಬಹುದು. ಅದೂ ಚರ್ಮದೊಳಗೆ ಬೆಳಕು ಹಾಯಿಸಿ ಅಳೆಯುವ ಸಾಧನ. ಆಮ್ಲಜನಕ ಅಪಾಯದ ಮಟ್ಟಕ್ಕೆ ಇಳಿದಿದ್ದರೂ ಅದು ಸರಿಯಿದೆ ಎಂದು ತೋರಿಸುವ ಸಾಧ್ಯತೆ ಬಿಳಿಯರಿಗಿಂತ ಕಪ್ಪು ಜನರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು ಎಂದು 2020ರ ಕೊನೆಗೆ ಅಮೆರಿಕದ ವೈದ್ಯರು ಪ್ರಕಟಿಸಿದರು. ಯಂತ್ರಕ್ಕೆ ದ್ವೇಷವಿಲ್ಲ, ನಿಜ. ಯಾರ ಮೈಮೇಲೆ ಅದನ್ನು ಹದ ಮಾಡಿದರೋ ಅವರ ಮೈಯಷ್ಟೇ ಅದಕ್ಕೆ ಗೊತ್ತು. ಉಳಿದವರ ಮೈ ಗೊತ್ತು ಮಾಡಿಸುವುದು ಅದನ್ನು ಇಲ್ಲಿಗೆ ತಂದು ದುಡ್ಡು ಮಾಡುವವರ ಹೊಣೆ.

ಆ ಹೊಣೆಯನ್ನು ಅವರಿಂದ ಕೇಳುವವರು ಯಾಕಿಲ್ಲ? ಇಲ್ಲಿ ನಮ್ಮ ಆ ಎರಡು ಮಾತುಗಳು ಕೆಲಸ ಮಾಡುತ್ತವೆ. ಚೌಕ ಕಲೆಯ ಹುಡುಗಿ ಮನೆಯಲ್ಲಿ ಹೇಳಿದರೆ 'ನಿಂಗ್ ಅಲ್ಲಿಗ್ ಹೋಪುಕೆ ಹೇಳದ್ ಯಾರ್?' ಎಂಬ ಪ್ರಶ್ನೆ ಬರುತ್ತದೆ. ಗೆಳತಿಯರಿಗೆ ಹೇಳಿದರೆ ಮುಖದ ಕೂದಲಿನ ಗುಟ್ಟು ಹೊರಬೀಳುತ್ತದೆ. ಓದಿದವರಿಗೆ ಹೇಳಿದರೆ ಬಣ್ಣದ ರಾಜಕೀಯದ ಪಾಠ ಸಿಗುತ್ತದೆ. ಎಲ್ಲ ಕಡೆಯೂ ತಪ್ಪು ಅವಳದೇ. ಹಾಗಾಗಿ ಅವಳು ದುಪಟ್ಟಾ ಮುಖಕ್ಕೆಳೆದುಕೊಂಡು ಸುಮ್ಮನಾಗುತ್ತಾಳೆ. ಕಾಲು ಮುರಿದು ಸರಿಯಾಗಿ ಕೂರಿಸದಿದ್ದರೆ ಊರಿಡೀ ಸೇರಿ ಆಸ್ಪತ್ರೆಯ ಎದುರು ಜಗಳವಾಡುತ್ತದೆ. ಮುಖ ಸುಟ್ಟರೆ ಯಾರೂ ಇಲ್ಲ. ಅವಳ ನಾಚಿಕೆಯೇ ಅಂಗಡಿಯವರ ವಿಮೆ. ಅದರ ಕಂತು ಕಟ್ಟುತ್ತಿರುವವರು ನಾವು.

ಕಾನೂನು ಅವಳ ಕಡೆಗಿದೆ. ವೈದ್ಯಕೀಯ ಸೇವೆಯೂ ಗ್ರಾಹಕ ಕಾಯ್ದೆಯೊಳಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ರೋಗಿಗೆ ಸಾಕಷ್ಟು ತಿಳಿಸಿ ಹೇಳದೆ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂಬ ತಾತ್ಪರ್ಯದ ತೀರ್ಪು 2008ರಲ್ಲಿ ಬಂದಿದೆ. ಆದರೆ ಆಕೆ ಸಹಿ ಹಾಕಿದ ಕಾಗದ ಇಂಗ್ಲಿಷಿನಲ್ಲಿತ್ತು, ಓದಲು ಕೊಟ್ಟ ಸಮಯ ಪೆನ್ನಿನ ಮುಚ್ಚಳ ತೆಗೆಯುವಷ್ಟು. ತಿಳಿಯದ ಭಾಷೆಯಲ್ಲಿ ಏನು ತಿಳಿಸಿದಂತಾಯಿತು?

ಒಂದು ಆಕ್ಷೇಪ ಬರುತ್ತದೆ, ಅದನ್ನು ಎದುರಿಸಬೇಕು. ಹೀಗೆ ಸುರಕ್ಷತೆಯ ಮಾತಾಡುತ್ತ ಹೋದರೆ ಬಿಳುಪಿನ ವ್ಯಾಮೋಹವನ್ನೇ ಒಪ್ಪಿದಂತಾಗುವುದಿಲ್ಲವೇ? ಇಲ್ಲ. ಮುಖದ ಕೂದಲು, ಸುಟ್ಟ ಗಾಯದ ಗುರುತು, ಹುಟ್ಟುಮಚ್ಚೆ ಇವು ಬೇರೆ, ಮೈಬಣ್ಣ ಬೇರೆ. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆದಂತೆ, ಬಿಳಿ ಮಾಡುತ್ತೇವೆ ಎನ್ನಲು ನಾಚುವವರು ಈಗ ಟೋನಿಂಗ್, ಗ್ಲೋ ಎನ್ನುತ್ತಾರೆ. ಬಣ್ಣ ತಿಳಿಯಾಗಲೆಂದು ಮತ್ತೆ ಮತ್ತೆ ಲೇಸರ್ ಹಾಯಿಸಿಕೊಂಡವರ ಮುಖದಲ್ಲಿ ಮಳೆಹನಿ ಚಿಮುಕಿಸಿದಂತೆ ಬಿಳಿ ಚುಕ್ಕೆಗಳಾದದ್ದು ವೈದ್ಯಕೀಯ ಬರಹಗಳಲ್ಲಿ ದಾಖಲಾಗಿದೆ. ಬಂಗಿಗೆ ಲೇಸರ್ ಮಾಡಿಸಿದವರಲ್ಲಿ ಬಂಗು ಇಮ್ಮಡಿಯಾಗಿ ಮರಳಿದ್ದೂ ಇದೆ. ಮೈಬಣ್ಣ ರೋಗವಲ್ಲ, ಅದಕ್ಕೆ ಯಂತ್ರವೂ ಬೇಡ. ಅದನ್ನು ರೋಗವೆಂದು ಮಾರುವವರ ಬಣ್ಣ ಬಯಲಾಗುವುದು ಸುರಕ್ಷತೆಯ ಪ್ರಶ್ನೆ ಕೇಳಿದಾಗಲೇ ಹೊರತು ಮೂಗು ಮುರಿದಾಗ ಅಲ್ಲ.

ಇನ್ನು ತಿಳಿವಳಿಕೆಗೆ ಬರವೇ? ಕುಂದಾಪುರದಿಂದ ನಲವತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಮಣಿಪಾಲವಿದೆ, 1953ರಿಂದ ಅಲ್ಲೊಂದು ವೈದ್ಯಕೀಯ ಕಾಲೇಜು ಇದೆ, ಚರ್ಮರೋಗ ವಿಭಾಗವಿದೆ. ಮೇಲೆ ನಾನು ಹೇಳಿದ ಒಂದೊಂದು ಸಂಗತಿಯೂ ಇಂಥ ಕಾಲೇಜುಗಳ ಪಾಠದ ಕೋಣೆಯಲ್ಲಿ ಹಳೆಯದು. ಅದು ಇಂಗ್ಲಿಷಿನಲ್ಲಿ ಪಾಠವಾಗಿ, ಇಂಗ್ಲಿಷಿನಲ್ಲಿ ಪ್ರಬಂಧವಾಗಿ, ಅಲ್ಲೇ ಕಪಾಟು ಸೇರುತ್ತದೆ. ಬಸ್ಸಿನ ಹಿಂದಿನ ಜಾಹೀರಾತು ಮಾತ್ರ ಕನ್ನಡದಲ್ಲಿ ಬರುತ್ತದೆ. ಆಸೆ ಹುಟ್ಟಿಸಲು ಕನ್ನಡ ಬೇಕು, ಎಚ್ಚರಿಸಲು ಬೇಡ ಎಂಬ ಈ ಲೆಕ್ಕಾಚಾರವನ್ನು ಕನ್ನಡದಲ್ಲಿ ಬರೆಯುವ ನಾವು ಒಪ್ಪಿಕೊಂಡು ಕೂತಿದ್ದೇವೆ.

ಆದ್ದರಿಂದ ಲೇಸರ್ ಕೋಣೆಯ ಬಾಗಿಲಲ್ಲಿ ಕೇಳಬೇಕಾದ್ದನ್ನು ಕನ್ನಡದಲ್ಲೇ ಬರೆದಿಡುತ್ತೇನೆ. ಈ ಯಂತ್ರದ ಹೆಸರೇನು, ಎಷ್ಟು ನ್ಯಾನೋಮೀಟರಿನದು? ನನ್ನಂಥ ಬಣ್ಣದವರಿಗೆ ಇದನ್ನು ಮಾಡಿದ್ದೀರಾ? ಯಂತ್ರ ಹಿಡಿಯುವವರು ಯಾರು, ಅವರು ಚರ್ಮವೈದ್ಯರೇ, ಅಲ್ಲದಿದ್ದರೆ ವೈದ್ಯರು ಆ ಹೊತ್ತಿಗೆ ಇಲ್ಲಿರುತ್ತಾರೆಯೇ? ಮೊದಲು ಸಣ್ಣ ಜಾಗದಲ್ಲಿ ಪರೀಕ್ಷೆ ಮಾಡಿ ಕಾಯುತ್ತೀರಾ? ಕೂದಲಿಗೆ ಕಾರಣವಾದ ಹಾರ್ಮೋನಿನ ತಪಾಸಣೆ ಆಗಬೇಡವೇ? ಕೂದಲು ಕಡಿಮೆಯಾಗುತ್ತದೆಯೋ ಶಾಶ್ವತವಾಗಿ ಹೋಗುತ್ತದೆಯೋ? ಶಾಶ್ವತವಾಗಿ ಹೋಗುತ್ತದೆ ಎಂದವರ ಕೋಣೆಯಿಂದ ಎದ್ದು ಬನ್ನಿ. ಕೆಲವರಿಗೆ ಲೇಸರ್ ತಾಗಿದ ಜಾಗದ ಸುತ್ತ ಕೂದಲು ಹೆಚ್ಚಾಗುವುದೂ ಉಂಟು, ಅದೂ ಮುಖ-ಕುತ್ತಿಗೆಯಲ್ಲಿ. ಕೊನೆಗೆ, ಪ್ರತಿ ಸಲ ಎಷ್ಟು ಶಕ್ತಿಯಲ್ಲಿ ಮಾಡಿದಿರೆಂದು ಚೀಟಿಯಲ್ಲಿ ಬರೆದುಕೊಡಿ. ಕೊಡಲಾಗದು ಎಂದರೆ ಹಣವನ್ನೂ ಕೊಡಲಾಗದು.

ಈ ಪ್ರಶ್ನೆಗಳು ಉದ್ಧಟತನವಲ್ಲ. ಅಕ್ಕಿ ಕೊಳ್ಳುವಾಗ ಒಂದು ಹಿಡಿ ಕೈಗೆತ್ತಿಕೊಂಡು ನೋಡುತ್ತೇವೆ, ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡುತ್ತೇವೆ. ಮುಖ ಅದಕ್ಕಿಂತ ಅಗ್ಗವೇ? ಉತ್ತರಿಸಲು ತಡವರಿಸುವವರಿಗೆ ಹೇಳಿ: ಚರ್ಮ ಕಷ್ಟದ್ದಲ್ಲ, ಈ ನೆಲದಲ್ಲಿ ಇದೇ ರೂಢಿಯ ಚರ್ಮ. ಕಲಿಯಬೇಕಾದ್ದು ನಿಮ್ಮ ಯಂತ್ರ, ನಿಮ್ಮ ಕೈ.