ರೋಮನಿವಾರಣೆ ಮತ್ತು ಅಹಿಂಸಾಣುವ್ರತ: ಕೇಳಬೇಕಾದ ಪ್ರಶ್ನೆ

ದಶಲಕ್ಷಣ ಪರ್ವದ ಹತ್ತು ದಿನ ಬಸದಿಯಲ್ಲಿ ಕುಳಿತು ಅಹಿಂಸೆಯ ಮೇಲಿನ ಉಪನ್ಯಾಸವನ್ನು ಕೇಳುವುದು ಸುಲಭ. ಅದೇ ಅಹಿಂಸೆಯನ್ನು ಸ್ನಾನಗೃಹದ ಕಪಾಟಿನ ಮುಂದೆ ನಿಂತು ವಿಚಾರಿಸುವುದು ಕಷ್ಟ. ಯಾದಗಿರಿ, ಶಹಾಪುರ, ಸುರಪುರಗಳ ನಮ್ಮ ಶ್ರಾವಕ ಕುಟುಂಬಗಳಲ್ಲಿ ಇಂದು ಒಂದು ವಿವಾದವು ಪಿಸುಮಾತಿನಲ್ಲಿ ನಡೆದಿದೆ. ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳು ಕಾಲಿನ ಹಾಗೂ ಕಂಕುಳಿನ ಕೂದಲನ್ನು ತೆಗೆಯುತ್ತಾರೆ. ಹಿರಿಯರು ಇದನ್ನು ಶೃಂಗಾರವೆಂದೂ ಸಂಸ್ಕಾರಹೀನತೆಯೆಂದೂ ಹಳಿಯುತ್ತಾರೆ. ಮಕ್ಕಳು ಇದು ಸ್ವಚ್ಛತೆಯೆಂದು ಉತ್ತರಿಸುತ್ತಾರೆ. ಈ ಜಗಳದಲ್ಲಿ ಎರಡೂ ಪಕ್ಷದವರು ಕೇಳಲೇಬೇಕಾದ ಒಂದೇ ಪ್ರಶ್ನೆಯನ್ನು ಕೇಳುತ್ತಿಲ್ಲ. ಆ ಪ್ರಶ್ನೆ ಇಷ್ಟೇ: ಕೂದಲನ್ನು ತೆಗೆಯಲು ಬಳಸುವ ಸಾಧನದಲ್ಲಿ ಯಾವ ಜೀವದ ನೋವಿದೆ?

ಇಂಥ ವಿಷಯವು ಧಾರ್ಮಿಕ ಪತ್ರಿಕೆಗೆ ತಕ್ಕುದಲ್ಲವೆಂದು ಕೆಲವರಿಗೆ ತೋರಬಹುದು. ಆಹಾರದಲ್ಲಿ ಗಡ್ಡೆಗೆಣಸನ್ನು ಬಿಡಬೇಕೇ, ನೀರನ್ನು ಎಷ್ಟು ಮಡಿಕೆಯ ಬಟ್ಟೆಯಲ್ಲಿ ಸೋಸಬೇಕು ಎಂದು ಸೂಕ್ಷ್ಮವಾಗಿ ವಿಚಾರಿಸಿದ ಪರಂಪರೆ ನಮ್ಮದು. ಮೈಗೆ ಹಚ್ಚುವ ವಸ್ತುವಿನ ವಿಷಯದಲ್ಲಿ ಮಾತ್ರ ಅದು ಮೌನವಾಗಿರಬೇಕೆಂಬುದಕ್ಕೆ ಕಾರಣವಿಲ್ಲ. ಭೋಗೋಪಭೋಗ ಪರಿಮಾಣವ್ರತವು ಬಾಯಿಗೆ ಮಾತ್ರ ಸಂಬಂಧಿಸಿದ್ದಲ್ಲ.

ಮೊದಲನೆಯ ಆಕ್ಷೇಪವನ್ನು ಪರಿಶೀಲಿಸೋಣ. ಇದು ಪಾಶ್ಚಾತ್ಯರ ಅನುಕರಣೆ, ನಮ್ಮದಲ್ಲ ಎನ್ನುತ್ತಾರೆ. ಇದರಲ್ಲಿ ಅರ್ಧ ಸತ್ಯವಿದೆ. ಇಂದಿನ ರೂಢಿಯ ಹಿಂದೆ ವ್ಯಾಪಾರವಿರುವುದು ನಿಜ. ಗಂಡಸರಿಗೆ ಬ್ಲೇಡು ಮಾರುತ್ತಿದ್ದ ಅಮೆರಿಕದ ಜಿಲೆಟ್ ಕಂಪನಿಯು 1915ರಲ್ಲಿ ಹೆಂಗಸರಿಗೆಂದೇ ಪ್ರತ್ಯೇಕ ಕ್ಷೌರಸಾಧನವನ್ನು ಹೊರತಂದಿತು. ತೋಳಿಲ್ಲದ ಉಡುಪು ಬಳಕೆಗೆ ಬಂದ ಕಾಲವದು. ಕಂಕುಳಿನ ಕೂದಲು ಲಜ್ಜಾಸ್ಪದವೆಂಬ ಭಾವನೆಯನ್ನು ಜಾಹೀರಾತುಗಳು ಬೆಳೆಸಿದವು. ಆದರೆ ರೋಮನಿವಾರಣೆ ನಮ್ಮ ದೇಶಕ್ಕೆ ಹೊಸದಲ್ಲ. ಸುಶ್ರುತ ಸಂಹಿತೆಯು ವ್ರಣಚಿಕಿತ್ಸೆಯ ಅರವತ್ತು ಉಪಕ್ರಮಗಳಲ್ಲಿ ಲೋಮಾಪಹರಣವನ್ನೂ ಎಣಿಸಿ, ಶಂಖದ ಚೂರ್ಣ ಹಾಗೂ ಹರಿತಾಳದ ಲೇಪವನ್ನು ಹೇಳುತ್ತದೆ. ಹರಿತಾಳವೆಂದರೆ ಪಾಷಾಣದ ಸಂಯುಕ್ತ, ವಿಷ. ಪ್ರಾಚೀನವೆಂದ ಮಾತ್ರಕ್ಕೆ ಅದು ಗ್ರಾಹ್ಯವಲ್ಲ. ನವೀನವೆಂದ ಮಾತ್ರಕ್ಕೆ ಇನ್ನೊಂದು ತ್ಯಾಜ್ಯವೂ ಅಲ್ಲ.

ಶೃಂಗಾರವೇ ದೋಷವೆನ್ನುವ ತಂದೆಯರನ್ನು ವಿನಯದಿಂದ ಕೇಳುತ್ತೇನೆ: ಪ್ರತಿದಿನ ಮುಂಜಾನೆ ಗಡ್ಡ ಹೆರೆದುಕೊಳ್ಳುವುದು ಯಾವ ವ್ರತದ ಅಂಗ? ಶೇವಿಂಗ್ ಕ್ರೀಮಿನ ಮುಖ್ಯ ಘಟಕಗಳಲ್ಲೊಂದಾದ ಸ್ಟಿಯರಿಕ್ ಆಮ್ಲವನ್ನು ತಾಳೆಯೆಣ್ಣೆಯಿಂದಲೂ ತೆಗೆಯುತ್ತಾರೆ, ದನದ ಕೊಬ್ಬಿನಿಂದಲೂ ತೆಗೆಯುತ್ತಾರೆ. ಗ್ಲಿಸರಿನ್ನಿನ ಕಥೆಯೂ ಅದೇ. ಬೆಲೆಬಾಳುವ ಕ್ಷೌರದ ಕುಂಚಗಳು ಬ್ಯಾಡ್ಜರ್ ಎಂಬ ಪ್ರಾಣಿಯ ಕೂದಲಿನಿಂದಲೂ ಅಗ್ಗದವು ಹಂದಿಯ ಕೂದಲಿನಿಂದಲೂ ತಯಾರಾಗುತ್ತವೆ. ಎರಡೂ ಪಂಚೇಂದ್ರಿಯ ಜೀವಿಗಳು. ತನ್ನ ಕೆನ್ನೆಯ ಮೇಲೆ ಹಂದಿಯ ಕೂದಲನ್ನಾಡಿಸುತ್ತ ಮಗಳ ಕಾಲಿನ ಬಗ್ಗೆ ಧರ್ಮೋಪದೇಶ ಮಾಡುವವನ ಮಾತಿಗೆ ತೂಕ ಬರುವುದೆಂತು? ಗೃಹಸ್ಥನಿಗೆ ದೇಹದ ಅಚ್ಚುಕಟ್ಟು ಅನುಮತವಾದರೆ ಗೃಹಿಣಿಗೂ ಅನುಮತವೇ. ಅಣುವ್ರತಗಳು ಶ್ರಾವಕನಿಗೂ ಶ್ರಾವಿಕೆಗೂ ಒಂದೇ.

ಇನ್ನು ಎರಡನೆಯ ಪಕ್ಷ. ವ್ಯಾಕ್ಸಿನಿಂದ ಕೂದಲನ್ನು ಬುಡಸಹಿತ ಕಿತ್ತುಕೊಳ್ಳುವುದು ನಮ್ಮ ಕೇಶಲೋಚದ ಹಾಗೆಯೇ, ಆದ್ದರಿಂದ ಜೈನರಿಗೆ ಅದೇ ಶ್ರೇಷ್ಠ ವಿಧಾನ ಎಂದು ಕೆಲ ತರುಣಿಯರು ಅರ್ಧ ತಮಾಷೆಗೂ ಅರ್ಧ ನಂಬಿಕೆಯಿಂದಲೂ ಹೇಳುತ್ತಾರೆ. ಈ ಮಾತನ್ನು ನಿಲ್ಲಿಸಲೇಬೇಕು. ಲೋಚವು ಮುನಿಗಳ ಇಪ್ಪತ್ತೆಂಟು ಮೂಲಗುಣಗಳಲ್ಲೊಂದು. ಮೂಲಾಚಾರದ ಪ್ರಕಾರ ಎರಡು ತಿಂಗಳಿಗೊಮ್ಮೆ ಮಾಡುವುದು ಉತ್ತಮ, ಮೂರು ತಿಂಗಳಿಗೆ ಮಧ್ಯಮ, ನಾಲ್ಕು ತಿಂಗಳಿಗೆ ಜಘನ್ಯ. ಆ ದಿನ ಉಪವಾಸ, ಪ್ರತಿಕ್ರಮಣ. ಶಿವಾರ್ಯರ ಭಗವತೀ ಆರಾಧನೆಯು ಅದರ ಕಾರಣಗಳನ್ನು ವಿವರಿಸುತ್ತದೆ: ಕೂದಲನ್ನು ಬಿಟ್ಟರೆ ಹೇನು ಹುಟ್ಟಿ ಅವುಗಳ ಹಿಂಸೆಯಾಗುತ್ತದೆ; ಲೋಚದಿಂದ ದೇಹಮಮತೆಯೂ ಸುಖಾಸಕ್ತಿಯೂ ಅಳಿಯುತ್ತವೆ. ಕತ್ತಿಯನ್ನೋ ಕ್ಷೌರಿಕನನ್ನೋ ಆಶ್ರಯಿಸುವುದು ಅಪರಿಗ್ರಹಿಗೆ ಸಲ್ಲದು. ಇದಕ್ಕಿಂತ ಗಮನಾರ್ಹವಾದುದು ಇನ್ನೊಂದು. ಮುನಿಗಳು ಕೀಳುವುದು ತಲೆ, ಗಡ್ಡ, ಮೀಸೆಗಳ ಕೂದಲನ್ನು ಮಾತ್ರ. ಕಂಕುಳಿನ ಕೂದಲನ್ನು ಕೀಳುವ ವಿಧಿಯೇ ಇಲ್ಲ. ಅಂದರೆ ಲೋಚವು ಚರ್ಮವನ್ನು ನುಣುಪಾಗಿಸುವ ಕ್ರಿಯೆಯಲ್ಲ, ಚರ್ಮದ ಮೇಲಿನ ಮೋಹವನ್ನು ಕೀಳುವ ಕ್ರಿಯೆ. ಪಾರ್ಲರಿನ ಕುರ್ಚಿಯಲ್ಲಿ ಕುಳಿತು ಆ ಹೆಸರನ್ನು ಎತ್ತುವುದು ತಪಸ್ಸಿಗೆ ಮಾಡುವ ಅಪಚಾರ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮಾರುಕಟ್ಟೆಯ ಹಲವು ವ್ಯಾಕ್ಸುಗಳಲ್ಲಿ ಪೈನ್ ಮರದ ರಾಳದೊಡನೆ ಜೇನುಮೇಣವಿರುತ್ತದೆ. ಹನಿ ವ್ಯಾಕ್ಸ್ ಎಂಬ ಹೆಸರಿನಲ್ಲಿ ಡಬ್ಬಿಗಟ್ಟಲೆ ಮಾರಾಟವಾಗುವ ಸಾಮಗ್ರಿಯಲ್ಲಿ ಜೇನುತುಪ್ಪವೇ ಬೆರೆತಿರಬಹುದು. ಮನೆಯಲ್ಲಿ ಸಕ್ಕರೆ, ನಿಂಬೆರಸ ಕಾಯಿಸಿ ಮಾಡಿಕೊಳ್ಳುವ ಪಾಕಕ್ಕೂ ಅನೇಕರು ಒಂದೆರಡು ಚಮಚ ಜೇನು ಸೇರಿಸುತ್ತಾರೆ. ಊಟದಲ್ಲಿ ಜೇನನ್ನು ಮುಟ್ಟದ ಮನೆಗಳಲ್ಲಿಯೇ ಇದು ನಡೆಯುತ್ತಿದೆ! ಮದ್ಯ, ಮಾಂಸ, ಮಧುಗಳ ತ್ಯಾಗವು ಶ್ರಾವಕನ ಮೂಲಗುಣವೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಧಿಸಿದ್ದಾರೆ; ತ್ರಸಜೀವಿಗಳ ಘಾತವನ್ನು ತಪ್ಪಿಸಲೆಂದೇ ಮಧುವನ್ನು ಬಿಡಬೇಕೆಂದು ಕಾರಣವನ್ನೂ ಕೊಟ್ಟಿದ್ದಾರೆ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ತಾನಾಗಿ ಸುರಿದ ಜೇನಿನಲ್ಲಿಯೂ ಹಿಂಸೆಯನ್ನು ಕಾಣುತ್ತಾರೆ. ಜೇನು ಚತುರಿಂದ್ರಿಯ ಜೀವಿ. ತನ್ನ ಒಡಲಿನ ಗ್ರಂಥಿಗಳಿಂದ ಒಸರುವ ಮೇಣದಿಂದ ಅದು ಕಟ್ಟುವುದು ತನ್ನ ಮರಿಗಳ ತೊಟ್ಟಿಲನ್ನು. ಹೆಜ್ಜೇನಿನ ಹುಟ್ಟಿಗೆ ಹೊಗೆಯಿಟ್ಟು ಕೊಯ್ಯುವಾಗ ಮರಿಹುಳುಗಳ ಗತಿಯೇನಾಗುತ್ತದೆಂಬುದನ್ನು ಕಂಡವರು ಬಲ್ಲರು. ನಮ್ಮ ಭಾಗದ ತೊಗರಿ, ಹತ್ತಿ ಹೊಲಗಳ ಹೂವಿಗೆ ಬರುವುದೂ ಇವೇ ಜೇನುಗಳು. ಅವುಗಳ ದುಡಿಮೆಯ ಫಲ ನಮ್ಮ ಅಡತಿ ಅಂಗಡಿಗಳವರೆಗೆ ಬಂದಿರುತ್ತದೆ.

ತಿನ್ನುವುದಿಲ್ಲ, ಹಚ್ಚುವುದಷ್ಟೇ ಎಂಬ ಸಮಾಧಾನವು ನಿಲ್ಲುವುದಿಲ್ಲ. ಕೃತ, ಕಾರಿತ, ಅನುಮೋದಿತ ಎಂಬ ಮೂರೂ ದ್ವಾರಗಳಿಂದ ಕರ್ಮವು ಆಸ್ರವಿಸುತ್ತದೆ. ಕೊಂಡವನು ಕೊಯ್ಯಿಸಿದವನೇ. ನಾಲಿಗೆ ಬಿಟ್ಟದ್ದನ್ನು ಕಾಲಿಗೆ ಬಳಿದರೆ ಜೇನಿಗೆ ಏನು ವ್ಯತ್ಯಾಸ?

ಹಸಿರು ಚುಕ್ಕೆಯಿದೆಯಲ್ಲ ಎಂಬುದು ಕೊನೆಯ ಆಶ್ರಯ. ವ್ಯಾಪಾರಿಯಾದ ನಾನು ಈ ಚುಕ್ಕೆಯ ಲೆಕ್ಕವನ್ನು ಬಿಡಿಸಿ ಹೇಳಬೇಕು. ಆಹಾರ ಪದಾರ್ಥಗಳ 2020ರ ಲೇಬಲ್ ನಿಯಮಾವಳಿಯು ಮಾಂಸಾಹಾರವನ್ನು ವ್ಯಾಖ್ಯಾನಿಸುವಾಗ ಹಾಲಿನ ಜೊತೆಗೆ ಜೇನುತುಪ್ಪ, ಜೇನುಮೇಣ, ಅರಗುಗಳನ್ನೂ ಹೊರಗಿಟ್ಟಿದೆ. ಸರ್ಕಾರದ ಶಾಕಾಹಾರವೂ ಜಿನಾಗಮದ ಶಾಕಾಹಾರವೂ ಒಂದೇ ಅಲ್ಲ. ಸೋಪು, ಶಾಂಪೂ ಮೊದಲಾದ ಪ್ರಸಾಧನಗಳ ಮೇಲೂ ಚುಕ್ಕೆಯಿರಬೇಕೆಂದು 2014ರಲ್ಲಿ ನಿಯಮ ಹೊರಟಿತು. ಅದು ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಆದುದರಿಂದ ಚುಕ್ಕೆಯನ್ನು ನೋಡಿ ನಿಲ್ಲದೆ ಹಿಂಬದಿಯ ಘಟಕಗಳ ಪಟ್ಟಿಯನ್ನು ಓದಬೇಕು. ಹಾಗೆಯೇ ಮೊಲದ ಕಣ್ಣಿಗೆ ಔಷಧ ಹಾಕಿ ಪರೀಕ್ಷಿಸುವ ಚಿತ್ರಗಳುಳ್ಳ ಹಳೆಯ ಕರಪತ್ರಗಳನ್ನು ಇಂದೂ ಹಂಚುವವರಿದ್ದಾರೆ. ಪ್ರಸಾಧನಗಳಿಗಾಗಿ ಪ್ರಾಣಿಗಳ ಮೇಲೆ ಪರೀಕ್ಷೆ ಮಾಡುವುದನ್ನೂ, ಹಾಗೆ ಪರೀಕ್ಷಿಸಿದವುಗಳ ಆಮದನ್ನೂ ಭಾರತವು 2014ರಲ್ಲಿಯೇ ನಿಷೇಧಿಸಿದೆ. ಹಳೆಯ ದೋಷವನ್ನೇ ಹೇಳುತ್ತ ಕುಳಿತರೆ ಇರುವ ದೋಷ ಕಣ್ತಪ್ಪುತ್ತದೆ.

ಹಾಗಾದರೆ ಯಾವುದನ್ನು ಆರಿಸಬೇಕು? ಮೊದಲನೆಯದಾಗಿ, ತೆಗೆಯದೇ ಇರುವುದೂ ಸಂಪೂರ್ಣ ಗೌರವದ ಆಯ್ಕೆ. ಆರೋಗ್ಯಕ್ಕೆ ಇದು ಅನಿವಾರ್ಯವೇನೂ ಅಲ್ಲ. ಪ್ರತಿದಿನದ ಸ್ನಾನ ಸಾಕು. ಕನ್ಯೆಯನ್ನು ನೋಡಲು ಬಂದವರು ಅವಳ ಕೈಕಾಲಿನ ರೋಮವನ್ನು ಎಣಿಸುವರಾದರೆ ಆ ಸಂಬಂಧವೇ ಬೇಡವೆನ್ನುವ ಧೈರ್ಯ ನಮಗಿರಬೇಕು.

ತೆಗೆಯುವುದಾದರೆ, ಕಂಕುಳಿಗೆ ಟ್ರಿಮ್ಮರ್ ಅತ್ಯಂತ ನಿರಪಾಯ. ಅದು ಚರ್ಮವನ್ನು ಕೆರೆಯದೆ ಕೂದಲನ್ನು ಗಿಡ್ಡವಾಗಿಸುತ್ತದೆ. ಅದರ ನಂತರ ಸಸ್ಯಜನ್ಯ ಸೋಪಿನೊಡನೆ ರೇಜರ್. ಹೆರೆದರೆ ಕೂದಲು ದಪ್ಪವಾಗಿ ಬೆಳೆಯುತ್ತದೆಂಬ ಭಯ ನಿರಾಧಾರ. 1928ರಲ್ಲಿಯೇ ಮಿಲ್ಡ್ರೆಡ್ ಟ್ರಾಟರ್ ಎಂಬ ಅಮೆರಿಕದ ಶರೀರರಚನಾ ವಿಜ್ಞಾನಿ ಇದನ್ನು ಪರೀಕ್ಷಿಸಿ ಸುಳ್ಳೆಂದು ತೋರಿಸಿದರು. ತುದಿ ಮೊಂಡಾಗುವುದರಿಂದ ಮುಟ್ಟಿದಾಗ ಒರಟೆನಿಸುತ್ತದೆ, ಅಷ್ಟೆ. ಒಬ್ಬರ ಬ್ಲೇಡನ್ನು ಇನ್ನೊಬ್ಬರು ಬಳಸಬಾರದು. ಬಳಸಿದ ಬ್ಲೇಡನ್ನು ಕಾಗದದಲ್ಲಿ ಸುತ್ತಿ, ಗುರುತು ಮಾಡಿ, ಬೇರೆಯಾಗಿ ಕೊಡಬೇಕು. ಕಸದಲ್ಲಿ ಕೈಯಾಡಿಸುವ ಪೌರಕಾರ್ಮಿಕರ ಬೆರಳೂ ಅಹಿಂಸೆಯ ವ್ಯಾಪ್ತಿಯಲ್ಲಿಯೇ ಇದೆ. ಕಾಲಿಗೆ ಸಕ್ಕರೆ, ನಿಂಬೆರಸ, ನೀರು ಇಷ್ಟರಿಂದಲೇ ಪಾಕ ಬರುತ್ತದೆ. ಜೇನಿನ ಅಗತ್ಯವೇ ಇಲ್ಲ. ಪಾಕ ಬಿಸಿಯಾಗಿರುವಾಗ ಹಚ್ಚಿದರೆ ಸುಡುತ್ತದೆ. ಕಂಕುಳಿನ ಮೆದು ಚರ್ಮಕ್ಕೆ ಇದು ತಕ್ಕುದಲ್ಲ. ಮಧುಮೇಹವಿರುವವರು ದೂರವಿರುವುದು ಲೇಸು. ರೋಮನಾಶಕ ಕ್ರೀಮುಗಳಲ್ಲಿರುವ ಥಯೋಗ್ಲೈಕೋಲೇಟ್ ಲವಣವು ತೀವ್ರ ಕ್ಷಾರದಲ್ಲಿ ಕೂದಲನ್ನು ಕರಗಿಸುತ್ತದೆ. ಹೇಳಿದ ಸಮಯ ಮೀರಿದರೆ ಚರ್ಮವನ್ನೂ ಸುಡುತ್ತದೆ. ನಮ್ಮ ಬೇಸಿಗೆಯ ನಲವತ್ತು ಡಿಗ್ರಿಯ ಬೆವರಿನಲ್ಲಿ ಇನ್ನಷ್ಟು ಉರಿ. ಲೇಸರ್ ಚಿಕಿತ್ಸೆಯಲ್ಲಿ ಜೀವಹಿಂಸೆ ಕಾಣದಿದ್ದರೂ ಹಲವು ಸರದಿಗಳ ವೆಚ್ಚವಿದೆ. ಅಲ್ಲಿ ಪರಿಗ್ರಹ ಪರಿಮಾಣದ ಪ್ರಶ್ನೆ ಏಳುತ್ತದೆ.

ಟ್ರಸ್ಟುಗಳ ಪದಾಧಿಕಾರಿಗಳಿಗೆ ಒಂದು ಮಾತು. ಹೆಣ್ಣುಮಕ್ಕಳ ಕಾಲಿನ ವಿಷಯವಾಗಿ ಠರಾವು ಮಾಡುವುದು ನಿಮ್ಮ ಅಧಿಕಾರವಲ್ಲ. ಹಾಗೆ ಮಾಡಿದರೆ ಅವರು ಪಾಠಶಾಲೆಗೆ ಬರುವುದನ್ನು ನಿಲ್ಲಿಸುವರು. ಕೂದಲು ತೆಗೆಯುವುದನ್ನಂತೂ ನಿಲ್ಲಿಸುವುದಿಲ್ಲ. ನಿಮ್ಮ ಕರ್ತವ್ಯ ಬೇರೆಯಿದೆ. ಜೇನು, ಜೇನುಮೇಣ, ಪ್ರಾಣಿಕೊಬ್ಬುಗಳು ಯಾವ ಯಾವ ಹೆಸರಿನಲ್ಲಿ ಪಟ್ಟಿಯೊಳಗೆ ಅಡಗಿರುತ್ತವೆಂಬುದನ್ನು ಕನ್ನಡದಲ್ಲಿ ಮುದ್ರಿಸಿ ಮನೆಮನೆಗೆ ಕೊಡಿ. 1974ರಿಂದ ಪುಣೆಯಲ್ಲಿ ಬ್ಯೂಟಿ ವಿದೌಟ್ ಕ್ರುಯೆಲ್ಟಿ ಸಂಸ್ಥೆ ಇಂಥ ಕಾರ್ಯವನ್ನು ಮಾಡುತ್ತ ಬಂದಿದೆ; ಅದರ ನೆರವು ಪಡೆಯಿರಿ. ಅಂಗಡಿಯುಳ್ಳ ನಮ್ಮ ಬಂಧುಗಳೂ ಯೋಚಿಸಲಿ. ಉಪಾಸಕದಶಾಂಗವು ಎಣಿಸುವ ಹದಿನೈದು ಕರ್ಮಾದಾನಗಳಲ್ಲಿ ಅರಗಿನ ವ್ಯಾಪಾರ, ರಸವಾಣಿಜ್ಯ, ಕೇಶವಾಣಿಜ್ಯಗಳು ಸೇರಿವೆ. ಮನೆಯಲ್ಲಿ ಮಗಳಿಗೆ ಬೇಡವೆಂದ ಹನಿ ವ್ಯಾಕ್ಸಿನ ಡಬ್ಬಿಯನ್ನು ಗಲ್ಲೆಯ ಮೇಲೆ ಲಾಭಕ್ಕಿಟ್ಟು ಮಾರುವುದು ಯಾವ ನ್ಯಾಯ?

ಕೂದಲು ನಿರ್ಜೀವ, ಅದನ್ನು ಕತ್ತರಿಸಿದರೆ ಯಾರಿಗೂ ನೋವಿಲ್ಲ. ನೋವಿರುವುದು ಡಬ್ಬಿಯೊಳಗೆ. ಹಿರಿಯರು ಮಗಳ ಕಾಲನ್ನು ನೋಡುವುದನ್ನು ಬಿಟ್ಟು ಡಬ್ಬಿಯ ಹಿಂಬದಿಯನ್ನು ನೋಡಲಿ. ಮಕ್ಕಳು ತಂದೆಯ ಕುಂಚವನ್ನೂ ಪರೀಕ್ಷಿಸಲಿ. ಮುಂದಿನ ಅಷ್ಟಾಹ್ನಿಕ ಪರ್ವದೊಳಗೆ ಪ್ರತಿ ಮನೆಯ ಸ್ನಾನಗೃಹದ ಕಪಾಟು ಒಮ್ಮೆ ತಪಾಸಣೆಯಾಗಲಿ ಎಂದು ಪ್ರಾರ್ಥಿಸುತ್ತೇನೆ.

ಜೈ ಜಿನೇಂದ್ರ.