ನಂಜು ಮತ್ತು ಪಥ್ಯ

ಚರ್ಮದ ಕಾಯಿಲೆಗಳನ್ನು ನಮ್ಮ ಹಿರಿಯರು ಕಜ್ಜಿ, ಹುಳುಕಡ್ಡಿ, ಇಸಬು ಎಂದು ಬೇರೆಬೇರೆಯಾಗಿಯೇ ಗುರುತಿಸಿದ್ದರು. ಹೆಸರುಗಳು ಉಳಿದಿವೆ, ವಿವೇಚನೆ ಮಾತ್ರ ಮರೆತುಹೋಗಿದೆ. ಮೊದಲಿನೆರಡೂ ಅಂಟುವ ರೋಗಗಳು, ಇಸಬು ಅಂಟುವುದಿಲ್ಲ. ಆದರೂ ಮೊಣಕೈಯ ಸಂದಿಯನ್ನು ಕೆರೆದುಕೊಳ್ಳುವ ಹುಡುಗನಿಂದ ಸಹಪಾಠಿಗಳು ದೂರ ಸರಿದು ಕೂರುವುದನ್ನು ಕಾಣದ ಅಧ್ಯಾಪಕರು ವಿರಳ.

ಇಂಥ ಮಕ್ಕಳ ಮನೆಯವರು ವೈದ್ಯರಲ್ಲಿಗೆ ಹೋಗುವ ಮೊದಲು ಪೇಟೆಗೆ ಹೋಗುತ್ತಾರೆ. ಶಿವಮೊಗ್ಗದ ಗಾಂಧಿ ಬಜಾರಿಗೆ ಬಟ್ಟೆಗೋ ದಿನಸಿಗೋ ಬಂದವರು ಔಷಧದಂಗಡಿಯಲ್ಲಿ 'ತುರಿಕೆಗೆ ಒಂದು ಟ್ಯೂಬು ಕೊಡಿ' ಎನ್ನುವುದು ವಾಡಿಕೆಯೇ ಆಗಿದೆ. ಭದ್ರಾವತಿಯಲ್ಲಾಗಲಿ ನಾಡಿನ ಇತರ ಪೇಟೆಗಳಲ್ಲಾಗಲಿ ಕಥೆ ಬೇರೆಯಲ್ಲ. ಹೀಗೆ ಕೊಂಡ ಟ್ಯೂಬಿನಲ್ಲಿ ಅನೇಕ ವೇಳೆ ಸ್ಟೀರಾಯ್ಡಿನೊಡನೆ ಮತ್ತೆರಡು ಔಷಧಗಳ ಬೆರಕೆಯಿರುತ್ತದೆ. ತುರಿಕೆ ಬೇಗನೆ ಅಡಗುತ್ತದೆ, ಬಿಟ್ಟೊಡನೆ ಮರಳುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ. ಇಸಬೆಂದು ಬಗೆದದ್ದು ಹುಳುಕಡ್ಡಿಯಾಗಿದ್ದರಂತೂ ಅದು ತನ್ನ ರೂಪ ಮರೆಸಿಕೊಂಡು ಹಬ್ಬುತ್ತದೆ. 2018ರಲ್ಲಿ ಕೇಂದ್ರ ಸರ್ಕಾರವು 14 ಸ್ಟೀರಾಯ್ಡುಗಳ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ವಿಧಿಸಿತು. ಕೊಳ್ಳುವವರೇ ಚೀಟಿಯಿಲ್ಲದೆ ಕೇಳುತ್ತಿರುವಾಗ ಕಾನೂನೊಂದೇ ಏನು ಮಾಡೀತು? ಸ್ಟೀರಾಯ್ಡು ವಿಷವಲ್ಲ. ಇಸಬು ಕೆರಳಿದಾಗ ವೈದ್ಯರು ಹೇಳಿದ ಪ್ರಮಾಣದಲ್ಲಿ, ಹೇಳಿದಷ್ಟು ದಿನ ಹಚ್ಚಿದರೆ ಅದು ಒಳ್ಳೆಯ ಮದ್ದೇ.

ಇತ್ತ ಮನೆಯ ಹಿರಿಯರ ಕೈಯಲ್ಲಿ 'ನಂಜು' ಎಂಬ ಮಾತೊಂದಿದೆ. ಬದನೆಕಾಯಿ ನಂಜು, ಮೀನು ನಂಜು, ಮೊಟ್ಟೆಯೂ ನಂಜು. ಕೆಲವು ಮಕ್ಕಳಿಗೆ ಕೆಲವು ಆಹಾರ ಒಗ್ಗದೆಂಬುದೇನೋ ನಿಜ. ಆದರೆ ವೈದ್ಯರನ್ನು ಕೇಳದೆ ಹಾಲು, ಮೊಟ್ಟೆಗಳನ್ನೆಲ್ಲ ಬಿಡಿಸಿದರೆ ಬೆಳೆಯುವ ದೇಹ ಬಡವಾಗುತ್ತದೆ; ಇಸಬು ಇದ್ದಂತೆಯೇ ಉಳಿದೀತು.

ಪಥ್ಯವನ್ನು ನಾನು ಹಳಿಯುತ್ತಿಲ್ಲ. ಅದನ್ನು ಊಟದ ಎಲೆಗಷ್ಟೇ ಸೀಮಿತಗೊಳಿಸಿದ್ದು ಸರಿಯಲ್ಲವೆನ್ನುತ್ತೇನೆ. ಆ ಶಬ್ದದ ಬೇರು 'ಪಥ', ಎಂದರೆ ದಾರಿ. ಇಸಬು ಅನೇಕರಿಗೆ ವರ್ಷಗಟ್ಟಲೆ ಜೊತೆಗೆ ಬರುವ ಕಾಯಿಲೆ. ಕೆಲವರಲ್ಲಿ ಉಬ್ಬಸವೂ ಸೀನೂ ಅದರ ಒಡಹುಟ್ಟುಗಳು. ಇಸಬಿನವರ ಚರ್ಮ ತನ್ನ ತೇವವನ್ನು ಹಿಡಿದಿಟ್ಟುಕೊಳ್ಳಲಾರದು. ಆದುದರಿಂದ ಪಥ್ಯ ಬಚ್ಚಲಿನಿಂದಲೇ ಆರಂಭವಾಗಬೇಕು. ಹಂಡೆಯ ಹಬೆಯಾಡುವ ನೀರು ಮಲೆನಾಡಿಗರಿಗೆ ಪರಮಸುಖ; ಇಸಬಿನವರಿಗೆ ಅದು ಹಿತಶತ್ರು. ಉಗುರುಬೆಚ್ಚನೆಯ ನೀರು, ಚಿಕ್ಕ ಸ್ನಾನ, ಸೌಮ್ಯವಾದ ಸಾಬೂನು, ಮೈಯ ಪಸೆ ಆರುವ ಮೊದಲೇ ಚರ್ಮದ ತೇವ ಕಾಯುವ ಮುಲಾಮು: ಇವು ತುರಿಕೆಯಿಲ್ಲದ ದಿನವೂ ತಪ್ಪಬಾರದು. ಉಣ್ಣೆಯ ಬದಲು ಹತ್ತಿಯ ಬಟ್ಟೆ ಮೈಗೆ ತಾಗಲಿ, ಉಗುರು ಗಿಡ್ಡವಾಗಿರಲಿ, ಮಾಗಿಯ ಒಣಗಾಳಿಯಲ್ಲಿ ಎಚ್ಚರ ಇಮ್ಮಡಿಸಲಿ. ಹೊಲದಲ್ಲಿ ದುಡಿಯುವವರ ಮುಖ, ಕತ್ತುಗಳು ಪದೇಪದೇ ಕೆರಳುತ್ತಿದ್ದರೆ ಬದುವಿನ ಕಾಂಗ್ರೆಸ್ ಗಿಡವನ್ನೂ ಸಂದೇಹಿಸಬೇಕು.

ಟ್ಯೂಬು ಕೊಳ್ಳುವ ಮುನ್ನ ವೈದ್ಯರನ್ನು ಕಾಣುವುದು ನಮ್ಮ ಊರಿನಲ್ಲಿ ದುಸ್ಸಾಧ್ಯವೇನಲ್ಲ; ಸರ್ಕಾರದ ಮೆಗ್ಗಾನ್ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ. ಇನ್ನು ಅಧ್ಯಾಪಕರ ಪಾಲಿನ ಕೆಲಸ ಸಣ್ಣದು: ಇಸಬು ಅಂಟುವುದಿಲ್ಲವೆಂದು ತರಗತಿಯಲ್ಲಿ ಒಮ್ಮೆ ಸ್ಪಷ್ಟವಾಗಿ ಹೇಳುವುದು. ಬೆಂಚಿನ ತುದಿಯಲ್ಲಿ ಒಬ್ಬನೇ ಕುಳಿತ ಹುಡುಗನಿಗೆ ಅದೂ ಚಿಕಿತ್ಸೆಯೇ.