ಕಂಪೀಟ್ ಅಂದರೆ ಬರೀ ಸ್ಪರ್ಧಿಸು ಅಲ್ಲ



ಕರಿಹಲಗೆಯ ಮೂಲೆಯಲ್ಲಿ ದಿನಕ್ಕೊಂದು ಇಂಗ್ಲಿಷ್ ಪದ ಬರೆಯುತ್ತಾರಲ್ಲ, ಕಳೆದ ವಾರ ಅಲ್ಲಿ 'ಕಂಪೀಟ್' ಬಂತು. ಪಕ್ಕದಲ್ಲಿ ಸಮ ಚಿಹ್ನೆ, ಅದರ ಮುಂದೆ 'ಸ್ಪರ್ಧಿಸು'. ಎಲ್ಲರೂ ನೋಟ್ ಬುಕ್ಕಿಗೆ ಇಳಿಸಿಕೊಂಡೆವು. ಮಾರನೇ ದಿನ ವಾಕ್ಯ ಮಾಡಿ ಅಂದಾಗ ಇಡೀ ಕ್ಲಾಸು ಗಪ್‌ಚಿಪ್. ಒಬ್ಬ ಎದ್ದು 'ಐ ಕಂಪೀಟ್ ಹಿಮ್' ಅಂದ. ಒಬ್ಬಳು 'ಐ ಕಂಪ್ಲೀಟ್ ವಿತ್ ಹರ್' ಅಂದಳು. ಉಳಿದವರೆಲ್ಲ ನಕ್ಕರು. ನಕ್ಕವರಿಗೂ ಸರಿಯಾದದ್ದು ಗೊತ್ತಿರಲಿಲ್ಲ, ಆ ಮಾತು ಬೇರೆ. ಎದ್ದು ಹೇಳಿದವರಿಬ್ಬರದೂ ತಪ್ಪಲ್ಲ, ಆ ಸಮ ಚಿಹ್ನೆಯದೇ ತಪ್ಪು ಅಂತ ನನ್ನ ಅಭಿಪ್ರಾಯ.

ಏಕೆಂದರೆ ಕಂಪೀಟ್ ಒಂಟಿಯಾಗಿ ಓಡಾಡುವ ಪದವಲ್ಲ. ಅದಕ್ಕೆ ಮೂರು ಜನ ಜೊತೆಗಾರರಿದ್ದಾರೆ. ಯಾರ ಜೊತೆ ಅನ್ನೋದಕ್ಕೆ 'ವಿತ್', ಯಾತಕ್ಕಾಗಿ ಅನ್ನೋದಕ್ಕೆ 'ಫಾರ್', ಯಾವುದರಲ್ಲಿ ಅನ್ನೋದಕ್ಕೆ 'ಇನ್'. 'ವಿ ಕಂಪೀಟೆಡ್ ವಿತ್ ದೆಮ್ ಫಾರ್ ದಿ ಕಪ್' ಅಂದರೆ ಕಪ್ಪಿಗಾಗಿ ಅವರ ಜೊತೆ ಪೈಪೋಟಿ ಮಾಡಿದೆವು ಅಂತ. 'ವಿತ್' ಬದಲು 'ಅಗೇನ್‌ಸ್ಟ್' ಕೂಡ ಹಾಕಬಹುದು. ನಮ್ಮ ಕನ್ನಡದಲ್ಲಿ ಈ ಜೊತೆಗಾರರು ಪದದ ಬಾಲಕ್ಕೆ ಅಂಟಿಕೊಂಡಿರುತ್ತಾರೆ. ಅವರೊಂದಿಗೆ, ಕಪ್ಪಿಗೆ, ಕಬಡ್ಡಿಯಲ್ಲಿ ಅಂತೀವಿ. ಇಂಗ್ಲಿಷಿನಲ್ಲಿ ಅವರು ಮುಂದೆ ಬಂದು ಬೇರೆ ನಿಂತುಕೊಳ್ತಾರೆ. ವಿಭಕ್ತಿ ಪ್ರತ್ಯಯ ಗೊತ್ತಿರುವ ನಮಗೆ ಇದೇನು ಹೆದರುವ ವಿಷಯವಲ್ಲ. ಇನ್ನು 'ಕಂಪ್ಲೀಟ್' ಅಂದರೆ ಪೂರ್ತಿ ಮಾಡು. ನಡುವೆ ಒಂದು 'ಎಲ್' ಬಂದು ಕೂತಿದೆ ಅಷ್ಟೆ, ಎರಡಕ್ಕೂ ನೆಂಟಸ್ತನ ಇಲ್ಲ ಅಂತ ಇಟ್ಟುಕೊಂಡರೆ ಸಾಕು.

ಸಮ ಚಿಹ್ನೆ ಹೇಗೆ ಕೈಕೊಡುತ್ತದೆ ನೋಡಿ. ಪಂಚಾಯ್ತಿ ಚುನಾವಣೆಗೆ ಸ್ಪರ್ಧಿಸಿದರು ಅಂತ ನಾವು ಹೇಳ್ತೀವಿ. ಅಲ್ಲಿ ಇಂಗ್ಲಿಷಿನವರು ಕಂಪೀಟ್ ಹಾಕೋದು ಕಡಿಮೆ, 'ಕಾಂಟೆಸ್ಟ್' ಅಂತಾರೆ. ಆ ಪದಕ್ಕೆ ಜೊತೆಗಾರನೂ ಬೇಡ, 'ಕಾಂಟೆಸ್ಟೆಡ್ ದಿ ಎಲೆಕ್ಷನ್' ಅಂದರೆ ಮುಗೀತು. ಇದರ ಉಲ್ಟಾನೂ ಇದೆ. ಕಳೆ ಗಿಡ ರಾಗಿ ಪೈರಿನ ಜೊತೆ ನೀರಿಗೆ, ಬೆಳಕಿಗೆ, ಗೊಬ್ಬರಕ್ಕೆ ಪೈಪೋಟಿ ಮಾಡೋದಕ್ಕೆ ಇಂಗ್ಲಿಷಿನಲ್ಲಿ ಕಂಪೀಟ್ ಅಂತಲೇ ಹೇಳ್ತಾರೆ. ನಮ್ಮಜ್ಜಿಗೆ ಹೋಗಿ ಕಳೆ ಸ್ಪರ್ಧಿಸುತ್ತಿದೆ ಅಂದರೆ ಬಿದ್ದು ಬಿದ್ದು ನಗ್ತಾರೆ. ಅವರು ಹೇಳೋದು, 'ಕಳೆ ಬೆಳೆ ಬಾಯಿಂದ ಕಿತ್ಕೊಂಡು ತಿಂತದೆ' ಅಂತ. ನನಗೆ ಅಜ್ಜಿಯ ಮಾತೇ ಚೆನ್ನಾಗಿದೆ ಅನ್ನಿಸುತ್ತದೆ.

ನಮ್ಮಲ್ಲೇ ಎಷ್ಟು ಪದ ಇವೆ! ಅಂಗಡಿಯವರದು, ಪ್ರೈವೇಟ್ ಬಸ್ಸಿನವರದು ಪೈಪೋಟಿ. ಮೀಸೆ ತಿರುವಿ ಮಾಡಿದರೆ ಪಂಥ. ಸಿಟ್ಟು ಸೇರಿದರೆ ಜಿದ್ದು. ಸ್ಪರ್ಧೆ ಅನ್ನೋದು ಮೈಕಿನಲ್ಲಿ ಹೇಳುವ ಪದ. ಕಂಪೀಟ್ ಅನ್ನೋದರೊಳಗೆ ಸಿಟ್ಟು ಇರಲೇಬೇಕು ಅಂತಿಲ್ಲ. ಅದು ಲ್ಯಾಟಿನ್ ಭಾಷೆಯಿಂದ ಬಂದದ್ದು. ಮೊದಲ ಭಾಗಕ್ಕೆ 'ಜೊತೆಯಾಗಿ', ಎರಡನೇ ಭಾಗಕ್ಕೆ 'ಅರಸು' ಅಂತ ಅರ್ಥ. ಅಂದರೆ ಒಂದೇ ವಸ್ತುವನ್ನು ಇಬ್ಬರೂ ಅರಸೋದು. ಇದರ ನೆಂಟ ಪದ 'ರೈವಲ್', ಎದುರಾಳಿ. ಅದು ಬಂದಿರೋದು ತೊರೆ ಅನ್ನುವ ಅರ್ಥದ ಲ್ಯಾಟಿನ್ ಪದದಿಂದ. ಒಂದೇ ತೊರೆಯ ನೀರು ಬಳಸುವ ಅಕ್ಕಪಕ್ಕದವರೇ ರೈವಲ್! ನಾಲೆ ನೀರಿನ ಸರದಿಗೆ ಗದ್ದೆಯವರು ನೀರುಗಂಟಿ ಹತ್ತಿರ ಜಗಳಕ್ಕೆ ನಿಲ್ಲೋದನ್ನು ನೋಡಿದ ನಮಗೆ ಈ ಪದವನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ. ಕಾವೇರಿಯ ವಿಷಯವಂತೂ ಹೇಳೋದೇ ಬೇಡ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಜಾವೆಲಿನ್ ಎಸೆತ ನಡೆಯಿತಲ್ಲ, ಪಾಕಿಸ್ತಾನದ ಅರ್ಷದ್ ನದೀಮ್ 92.97 ಮೀಟರ್ ಎಸೆದು ಚಿನ್ನ ಗೆದ್ದರು. ನಮ್ಮ ನೀರಜ್ ಚೋಪ್ರಾ 89.45 ಮೀಟರ್ ಎಸೆದು ಬೆಳ್ಳಿ ಗೆದ್ದರು. ಅದೇ ವರ್ಷದ ಆರಂಭದಲ್ಲಿ ಅರ್ಷದ್‌ಗೆ ಹೊಸ ಜಾವೆಲಿನ್ ಸಿಗೋದು ಕಷ್ಟವಾಗಿದೆ ಅಂತ ಸುದ್ದಿ ಬಂದಾಗ ಅವರ ಪರವಾಗಿ ಮಾತಾಡಿದ್ದು ಇದೇ ನೀರಜ್. ಗೆದ್ದವನೂ ತಮಗೆ ಮಗನ ಹಾಗೇ ಅಂತ ನೀರಜ್ ಅವರ ತಾಯಿ ಹೇಳಿದರು. ಪೇಪರಿನವರು ಇಬ್ಬರ ನಡುವೆ 'ಅಗೇನ್‌ಸ್ಟ್' ಹಾಕಿ ಬರೆದರು. ಅವರಿಬ್ಬರು ಮಾತ್ರ 'ವಿತ್' ಹಾಕಿಕೊಂಡೇ ಆಡಿದರು ಅಂತ ನನಗೆ ಕಾಣುತ್ತದೆ. ನಮ್ಮ ಕ್ಲಾಸಿನಲ್ಲಿ ಪರೀಕ್ಷೆ ಹತ್ತಿರ ಬಂದರೆ ನೋಟ್ಸು ಕೇಳಿದವರಿಗೆ 'ಮನೇಲಿ ಬಿಟ್ಟಿದ್ದೀನಿ' ಅನ್ನುವವರು ಯಾರ್ಯಾರು ಅಂತ ಇಲ್ಲಿ ಬರೆಯೋದಿಲ್ಲ. ಅವರಿಗೇ ಗೊತ್ತು.

ನಾನು ಮುಖ್ಯವಾಗಿ ಹೇಳಬೇಕಾದ್ದು ಇನ್ನೊಂದಿದೆ. ಊರಲ್ಲಿ ದೊಡ್ಡವರು ಒಂದು ಮಾತು ಪದೇ ಪದೇ ಹೇಳ್ತಾರೆ. 'ನಮ್ ಹುಡುಗ್ರು ಕಾನ್ವೆಂಟ್ ಮಕ್ಕಳ ಜೊತೆ ಕಾಂಪೀಟ್ ಮಾಡಕ್ಕಾಗಲ್ಲ ಬಿಡಿ.' ಇದನ್ನು ಕೇಳಿ ಕೇಳಿ ನಮ್ಮಲ್ಲಿ ಕೆಲವರು ಕೈ ಎತ್ತೋದನ್ನೇ ಬಿಟ್ಟಿದ್ದಾರೆ. ಈ ವರ್ಷ ಇಂಗ್ಲಿಷ್ ಕಂಠಪಾಠಕ್ಕೆ ಯಾರೂ ಹೆಸರು ಕೊಡಲಿಲ್ಲ. ಆದರೆ ಆ ವಾಕ್ಯದಲ್ಲಿ 'ವಿತ್' ಒಂದೇ ಇದೆ. 'ಫಾರ್' ಎಲ್ಲಿ? 'ಇನ್' ಎಲ್ಲಿ? ಯಾವುದರಲ್ಲಿ ಆಗಲ್ಲ, ಯಾತಕ್ಕಾಗಿ ಆಗಲ್ಲ ಅಂತ ಹೇಳದಿದ್ದರೆ ವಾಕ್ಯ ಅರ್ಧಂಬರ್ಧ. ಇಂಗ್ಲಿಷ್ ಮಾತಾಡೋದರಲ್ಲಿ ಅಂದರೆ ಈಗ ಒಪ್ಪಿಕೊಳ್ತೀನಿ, ಅವರಿಗೆ ದಿನವಿಡೀ ಕಿವಿಗೆ ಬೀಳುತ್ತದೆ. ಗಣಿತದಲ್ಲಿ ಅಂದರೆ ಯಾಕೆ ಒಪ್ಪಬೇಕು? ಖೋ-ಖೋದಲ್ಲಿ?

ಇನ್ನೊಂದು ಲೆಕ್ಕ ನೋಡಿ. ಮುಂದಿನ ವರ್ಷ ಎಂಟನೇ ಕ್ಲಾಸಿನಲ್ಲಿ ನಾವು ಎನ್ಎಂಎಂಎಸ್ ಪರೀಕ್ಷೆ ಬರೆಯಬಹುದು. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ. ಎರಡು ಪತ್ರಿಕೆ, ಒಂದೊಂದಕ್ಕೆ 90 ಪ್ರಶ್ನೆ. ಅದನ್ನು ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳು, ಅದೂ ಮನೆಯ ವರಮಾನ ಕಡಿಮೆ ಇರುವವರು ಮಾತ್ರ ಬರೆಯಬೇಕು. ಪ್ರೈವೇಟ್ ಕಾನ್ವೆಂಟಿನವರು ಆ ಓಟದಲ್ಲೇ ಇಲ್ಲ! ಕನ್ನಡದಲ್ಲೇ ಬರೆಯಬಹುದು. ಯಾರ ಜೊತೆ, ಯಾತಕ್ಕಾಗಿ, ಯಾವುದರಲ್ಲಿ ಅಂತ ಮೂರನ್ನೂ ಕೇಳಿದಾಗಲೇ ಇದು ನನಗೆ ಹೊಳೆದದ್ದು. ಹೊಳೆದ ಮೇಲೆ ಮನೆಯಲ್ಲಿ ಹೇಳಿದೆ. ಅಪ್ಪ ಎರಡು ಸಲ ಕೇಳಿ ತಿಳಿದುಕೊಂಡರು.

ಆದ್ದರಿಂದ ಗುರುಗಳಲ್ಲಿ ನನ್ನ ವಿನಂತಿ. ದಿನಕ್ಕೊಂದು ಪದ ಬೇಡ, ವಾರಕ್ಕೆರಡು ಸಾಕು. ಆದರೆ ಪದದ ಜೊತೆಗಾರರನ್ನೂ ಬರೆಯಿರಿ, ನಮ್ಮೂರಿನದೇ ಒಂದು ವಾಕ್ಯ ಕೊಡಿ. ತಪ್ಪು ಹೇಳಿದವರನ್ನು ನೋಡಿ ನಕ್ಕರೆ, ನಕ್ಕವರೇ ಮುಂದಿನ ವಾಕ್ಯ ಹೇಳಬೇಕು ಅಂತ ನಿಯಮ ಮಾಡಿ.

ಈ ಹಾಳೆಯ ಕೆಳಗೆ ಆರು ಗೆರೆ ಖಾಲಿ ಬಿಟ್ಟಿದ್ದೇನೆ. ದಾರ ಕಟ್ಟಿ ಪೆನ್ಸಿಲ್ ನೇತುಹಾಕಿದ್ದೇನೆ. ಕಂಪೀಟ್ ಹಾಕಿ ನಿಮ್ಮದೊಂದು ವಾಕ್ಯ ಬರೆಯಿರಿ, 'ಫಾರ್' ಮರೆಯಬೇಡಿ. ಪೆನ್ಸಿಲ್ ಮಾತ್ರ ಯಾರೂ ಕಿತ್ಕೊಂಡು ಹೋಗಬೇಡಿ, ಅದು ನನ್ನ ತಮ್ಮನದು.

– ಏಳನೇ ತರಗತಿಯ ಒಬ್ಬ ವಿದ್ಯಾರ್ಥಿನಿ